ಬೇಲಿಯ ಮಗ್ಗುಲಿನ ಬುಟ್ಟಿ

ಬಾಗಲಕೋಟೆ
ಫೆಬ್ರುವರಿ ೧೯೩೧

ಹುನಗುಂದದ ರಾಚಪ್ಪಜ್ಜನವರಿಗೆ ಮೊಮ್ಮಗಳು ಜೋಹರಾಳ ಶರಣಾರ್ಥಿಗಳು.

ಬರುವ ಸೋಮವಾರ ಸಂಜೆ ಇಲ್ಲಿನ ಸಾಲೆಯ ಬಯಲಿನಲ್ಲಿ ನಮ್ಮ ಬಾಸ್ಕೆಟ್‌ಬಾಲ್ ಪಂದ್ಯವಿದೆ. ಅದು ಮುಗಿದ ಮೇಲೆ ನಾನು ಪುಣೆಯ ರೈಲು ಹತ್ತುತ್ತೇನೆ. ಅಲ್ಲಿನ ಹೆಣ್ಣುಮಕ್ಕಳ ತಂಡದವರು ಆಡಲು ಕರೆಸಿಕೊಂಡಿದ್ದಾರೆ. ಎತ್ತರದ ಬುಟ್ಟಿಗೆ ಚೆಂಡು ಒಗೆಯುವ ಆಟವಿದು. ನಿಮಗೆ ಹೊಸದಲ್ಲ.

ಇಳಕಲ್ಲಿನ ನಮ್ಮ ಹಿತ್ತಲಲ್ಲಿ ಅಪ್ಪ ಬಣ್ಣ ಹಾಕಿ ಒಣಗಿಸಿದ ನೂಲಿನ ಲಡಿಗಳನ್ನು ನಾನು ಬೇವಿನ ಮರಕ್ಕೆ ಕಟ್ಟಿದ್ದ ಬುಟ್ಟಿಗೆ ಒಗೆಯುತ್ತಿದ್ದೆ. ಅವ್ವ ಸಾಬರ ಮನೆ ಸೇರಿದ ಮೇಲೆ ನೀವು ನಮ್ಮ ಹೊಸ್ತಿಲು ತುಳಿಯಲಿಲ್ಲ. ಆದರೆ ಸಂತೆಗೆ ಬಂದಾಗಲೆಲ್ಲ ನಿಮ್ಮ ಬಂಡಿ ಬೇಲಿಯಾಚೆ ನಿಲ್ಲುತ್ತಿತ್ತು. ಎತ್ತುಗಳು ದಣಿದಿವೆ ಎನ್ನುತ್ತಿದ್ದಿರಿ. ಅವು ನಮ್ಮ ಬೇಲಿಯ ಹತ್ತಿರವೇ ಏಕೆ ದಣಿಯುತ್ತಿದ್ದವೋ. "ಇನ್ನಷ್ಟು ಮ್ಯಾಲ ಒಗಿಯವ್ವಾ" ಎಂದು ಬಂಡಿಯಿಂದಲೇ ಹೇಳುತ್ತಿದ್ದಿರಿ. ಈಗಲೂ ಚೆಂಡು ಕೈಗೆ ಬಂದರೆ ಅದೇ ಮಾತು ಕೇಳಿಸುತ್ತದೆ.

ಆ ಬುಟ್ಟಿ ಮೊದಲು ಮನೆಯ ಗೋಡೆಗಿತ್ತು. ಆಮೇಲೆ ಅದನ್ನು ಬೇಲಿಯ ಮಗ್ಗುಲಿನ ಮರಕ್ಕೆ ನೀನೇಕೆ ಕಟ್ಟಿದೆ ಎಂದು ಮೊನ್ನೆ ಅಪ್ಪನನ್ನು ಕೇಳಿದೆ. "ನಿಮ್ಮ ಅಜ್ಜಗ ದೂರದ್ದು ಕಾಣತಿದ್ದಿಲ್ಲವ್ವಾ" ಎಂದು ಹೇಳಿ ಕೆಲಸಕ್ಕೆ ಎದ್ದುಹೋದ.

ಹುನಗುಂದದಿಂದ ಬೆಳಗಿನ ಮೋಟಾರಿಗೆ ಬನ್ನಿರಿ. ಬಿಸಿಲಿದೆ, ಛತ್ರಿ ಮರೆಯಬೇಡಿರಿ. ಬಯಲಿಗೆ ಬೇಲಿಯಿಲ್ಲ, ಬರೀ ಸುಣ್ಣದ ಗೆರೆಯಿದೆ. ಬುಟ್ಟಿಯ ಸಮೀಪದ ಬೆಂಚಿನಲ್ಲಿ ಅಪ್ಪ ಕೂತಿರುತ್ತಾನೆ. ಪಕ್ಕದ ಜಾಗದಲ್ಲಿ ತನ್ನ ಹೆಗಲ ಮೇಲಿನ ವಸ್ತ್ರ ಹಾಸಿಟ್ಟಿರುತ್ತಾನೆ.

ಅದನ್ನು ಸರಿಸಿ ಕುಳಿತುಕೊಳ್ಳಿರಿ.

ನಿಮ್ಮ ಸಾವಿತ್ರೆವ್ವನ ಮಗಳು
ಜೋಹರಾ