ಮಾಡದಲ್ಲಿದ್ದ ಡಬ್ಬಿ

ಅಗರಖೇಡ, ೧೯೭೬

ಅವ್ವಾ,

ನೀನು ತೀರಿಕೊಂಡು ನಾಲ್ಕು ವರ್ಷವಾಯಿತು, ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ಇಂಡಿ ಪಟ್ಟಣದಲ್ಲಿ ಇವತ್ತು ನಮ್ಮ ಶಿಬಿರ ಮುಗಿಯಿತು. ಊರಿನ ಅಮಲು ಬಿಡಿಸುವ ಮುಂದಾಳುಗಳಾಗಬೇಕೆಂದು ಮೂವತ್ತು ಹುಡುಗರನ್ನೂ ನಾಲ್ವರು ಹುಡುಗಿಯರನ್ನೂ ಕೂಡಿಸಿ ಪಾಠ ಹೇಳಿದರು. ಮೂರು ದಿನವೂ ಗಾಂಜಾ, ಕಳ್ಳಭಟ್ಟಿ, ಗಂಡಸರ ಚಟ, ಅಷ್ಟೇ. ಕಡೆಗೆ ನಾನೇ ಎದ್ದು ಕೇಳಿದೆ: "ಹೊಲದಾಗ ಕಸಾ ತಗ್ಯಾಕ ಹೋಗೋರು ಕೂಸು ಅಳಬಾರದಂತ ಅಫೀಮು ನೆಕ್ಕಸ್ತಾರಲ್ರಿ, ಅದು ಅಮಲಲ್ಲೇನ್ರಿ?"

ಪಾಠ ಹೇಳುತ್ತಿದ್ದ ನಮ್ಮೂರಿನ ಬಸಂತರಾಯ ಮಾಸ್ತರರು ನಕ್ಕರು. "ಅದು ಮನಿ ಔಷಧ, ತಂಗಿ. ನಮಗೂ ನಮ್ಮವ್ವ ಹಾಕ್ಯಾಳ. ಕುಂಡ್ರು."

ಹುಡುಗರೆಲ್ಲ ನಕ್ಕರು. ನಾನು ಕುಳಿತುಕೊಳ್ಳಲಿಲ್ಲ. "ನೀವು ಎದ್ದೀರಿ, ಅದಕ್ಕ ನಗಾಕತ್ತೀರಿ. ಏಳಲಾರದ ಕೂಸುಗಳನ್ನ ಯಾರು ಕೇಳ್ಯಾರ್ರಿ?"

"ಯಾವ ಕೂಸು ಎದ್ದಿಲ್ಲ? ಹೆಸರು ಹೇಳು ನೋಡೂನು."

ಈ ಮಾಸ್ತರರ ಹೊಲಕ್ಕೇ ನೀನು ಕೂಲಿಗೆ ಹೋಗುತ್ತಿದ್ದೆ. ಕೂಸನ್ನು ತರಬೇಡ, ಕೆಲಸ ಕೆಡುತ್ತದೆ ಎಂದವರೂ ಇವರೇ. ನನ್ನ ತಮ್ಮ ಸಂಗಣ್ಣನ ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿದರೆ, ಹಾಕಿದವರು ಯಾರು ಎಂದು ಕೇಳುತ್ತಾರೆ. ನಾನು ಕುಳಿತುಬಿಟ್ಟೆ.

ಆ ದಿನ ನೀನು ಗೋಡೆಯ ಮಾಡದಿಂದ ಡಬ್ಬಿ ತೆಗೆದು ಅವನಿಗೆ ಸಾಸಿವೆಕಾಳಿನಷ್ಟು ಅಫೀಮು ನೆಕ್ಕಿಸಿ, "ಸಂಜೀತನಕ ಮಲಗ್ತಾನ, ನೋಡ್ಕೊ" ಎಂದು ಹೋದೆ. ನನಗಾಗ ಒಂಬತ್ತು ವರ್ಷ. ಮಧ್ಯಾಹ್ನವೇ ಅವನು ಎದ್ದು ಅಳತೊಡಗಿದ. ಸಂಜೆ ನೀನು ಬಂದಾಗ ಮೈ ತಣ್ಣಗಾಗಿತ್ತು.

ಊರವರು ನಿನ್ನನ್ನೇ ಬೈದರು. ಮಾಡದಲ್ಲಿದ್ದ ಡಬ್ಬಿಯನ್ನು ಎರಡನೆಯ ಸಲ ತೆಗೆದವರು ಯಾರೆಂದು ನೀನು ನನ್ನನ್ನು ಒಂದು ದಿನವೂ ಕೇಳಲಿಲ್ಲ.