ಹಳದಿ ಪಟ್ಟಿ, ಕೆಂಪು ನೂಲು

ಸತ್ವಾ, ದುಬೈ
೨೦ ನವೆಂಬರ್ ೨೦೨೫

ಪ್ರೀತಿಯ ತಮ್ಮ ಲತೇಶನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ಹೊಟ್ಟೆ ಉರಿ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಈ ಕೊನೆಯ ಪ್ರಶ್ನೆ ಕೇಳಿದಾಗಲೇ ಫೋನಿನಲ್ಲಿ ನಿನ್ನ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ಕಾಗದ. ಇದಕ್ಕೆ ಟವರೂ ಬೇಡ, ಪವರೂ ಬೇಡ. ನಮ್ಮ ಹೊಲಿಗೆ ಅಂಗಡಿಯ ವ್ಯಾನ್ ಓಡಿಸುವ ಡ್ಯಾರಲ್ ಇವತ್ತು ನೀನಿರುವ ಮುಸಫ್ಫಾಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ, ನಿನ್ನ ಮೇಲೆ ನನಗೆ ಸಂಶಯ. ಕೆಲಸ ಇದೆ ಎನ್ನುತ್ತೀಯ. ಬೆಳಿಗ್ಗೆ ಹತ್ತಕ್ಕೆ ಮಾಡಿದರೂ ಫೋನ್ ಎತ್ತುತ್ತೀಯ. ಮೊದಲು ವೆಲ್ಡಿಂಗ್ ಸದ್ದಿನಲ್ಲಿ ನಿನ್ನ ಮಾತೇ ಕೇಳುತ್ತಿರಲಿಲ್ಲ, ಈಗ ಹಿಂದೆ ಪಾರಿವಾಳ ಗುಟುರು ಹಾಕುತ್ತದೆ. ಅದನ್ನೇ ಫೋರ್‌ಮನ್ ಮಾಡಿದ್ದಾರೇನು? "ಕಂಪನಿ ಫಸ್ಟ್‌ಕ್ಲಾಸ್ ಉಂಟು ಅಕ್ಕ, ಟೆನ್ಶನ್ ಮಾಫಿ, ಏನೇನೂ ಇಲ್ಲ" ಎಂದೆಯಲ್ಲ, ಕೇಳದೆ ಕೊಟ್ಟ ಸರ್ಟಿಫಿಕೇಟನ್ನು ನಾನು ನಂಬುವುದಿಲ್ಲ.

ಇಲ್ಲಿಯ ಸುದ್ದಿ ಕೇಳು. ನಮ್ಮ ಸಂಘದ ಪೂವಪ್ಪಣ್ಣ ನಿಮ್ಮ ಮುಸಫ್ಫಾದಲ್ಲಿ ಕೆಲಸ ಕಳೆದುಕೊಂಡವರಿಗೆ ಮಧ್ಯಾಹ್ನದ ಊಟ ಹಾಕಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಅವರ ಸಂಶಯ ನನ್ನದಕ್ಕಿಂತ ದೊಡ್ಡದು: ಸಂಬಳ ಇದ್ದವರೂ ಬಂದು ಉಂಡು ಹೋಗುತ್ತಾರಂತೆ. ಅದಕ್ಕೆ ಪ್ರತಿಯೊಬ್ಬನಿಗೂ ಒಂದು ನೀಲಿ ಅಂಗಿ, ಬಲತೋಳಿಗೆ ಹಳದಿ ಪಟ್ಟಿ. ಪಟ್ಟಿ ಇದ್ದರೆ ತಟ್ಟೆ, ಇಲ್ಲದಿದ್ದರೆ ಖಾಲಿ ಹೊಟ್ಟೆ. "ಬಿಗಿ ಹೊಲಿಯಿರಿ ಮಾರಾಯ್ರೆ, ಕಿತ್ತು ಇನ್ನೊಬ್ಬನಿಗೆ ಕೊಡ್ಬಾರ್ದು" ಎಂದರು ನನಗೆ ಹೋದ ತಿಂಗಳು. ಹಳದಿ ನೂಲು ಮುಗಿದಿತ್ತು. ಕೆಂಪಿನಲ್ಲೇ ಹೊಲಿದೆ, ಮೂಲೆ ಮೂಲೆಗೆ ಎರಡೆರಡು ಗಂಟು.

ಅಷ್ಟರಲ್ಲಿ ಶಾಲೆಯಿಂದ ಬಂದ ನಮ್ಮ ಅಶ್ಮಿತಾ, "ಅಮ್ಮಾ, ದಿಸ್ ಈಸ್ ಇನ್ ಮೈ ಹಿಸ್ಟರಿ!" ಎಂದು ಕೂಗಿದಳು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಊರಿನ ನೆರವು ಪಡೆಯುವ ಬಡವರು ಬಲತೋಳಿಗೆ ಕೆಂಪೋ ನೀಲಿಯೋ ಬಟ್ಟೆಯ ಅಕ್ಷರ ಹಾಕಿಕೊಳ್ಳಬೇಕಿತ್ತಂತೆ: ಬಡವ ಎನ್ನಲು ಒಂದು, ಯಾವ ಊರಿನವನು ಎನ್ನಲು ಇನ್ನೊಂದು. ಕಿತ್ತರೆ ನೆರವು ಖಲಾಸ್. ನಾನು ಬಿ.ಎ.ಯಲ್ಲಿ ಓದಿದ ಇಂಗ್ಲೆಂಡಿನಲ್ಲಿ ಬರೀ ರಾಜರಿದ್ದರಪ್ಪ. ಅದನ್ನು ಹೊಲಿಯುತ್ತಿದ್ದವರು ಯಾರೇ ಎಂದು ಕೇಳಿದೆ. ಅದು ಪರೀಕ್ಷೆಗೆ ಇಲ್ಲವಂತೆ. ಪೂವಪ್ಪಣ್ಣನಿಗೆ ಹೇಳಿದರೆ, "ಅದು ಬ್ರಿಟಿಷರದ್ದು ಲೋಲಕ್ಕ, ನಮ್ಮದು ಯೂನಿಫಾರ್ಮ್" ಎಂದು ನಕ್ಕರು.

ಮೈ ಕಡೆ ಗಮನವಿರಲಿ. ಹೇಳುವ ಸುಳ್ಳನ್ನು ಸ್ವಲ್ಪ ಸಣ್ಣದು ಮಾಡು. ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ಲೋಲಾಕ್ಷಿ

ಇನ್ನೊಂದು ಮಾತು: ಡ್ಯಾರಲ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೊನ್ನೆ ನೀನು ಕಳಿಸಿದ ಫೋಟೋದಲ್ಲಿ ನೀಲಿ ಅಂಗಿ ಇತ್ತು, 'ಕಂಪನಿ ಕೊಟ್ಟದ್ದು' ಎಂದು ಬರೆದಿದ್ದೆ. ದೊಡ್ಡದು ಮಾಡಿ ನೋಡಿದೆ. ತೋಳಿನಲ್ಲಿ ಪಟ್ಟಿ ಇಲ್ಲ, ಒಂದು ಮೂಲೆಯಲ್ಲಿ ಎರಡು ಕೆಂಪು ಗಂಟು ಮಾತ್ರ ಉಳಿದಿವೆ. ಪಟ್ಟಿ ಕಿತ್ತ ಮೇಲೆ ಅಲ್ಲಿ ನಿನಗೆ ಯಾರೂ ಬಡಿಸುವುದಿಲ್ಲ. ಡ್ಯಾರಲ್ ಪಕ್ಕದ ಸೀಟು ಖಾಲಿ ಉಂಟು, ಹತ್ತಿ ಬಾ. ಅಕ್ಕಿ ನಿನ್ನ ಲೆಕ್ಕಕ್ಕೂ ತೊಳೆದಿಟ್ಟಿದ್ದೇನೆ. ತುಂಬ ಬಿಗಿಯಾಗಿ ಹೊಲಿದಿದ್ದೆನಲ್ಲೋ. ಕೀಳುವಾಗ ಉಗುರು ನೋಯಿತಾ?