ಎಡಗೆನ್ನೆಯ ಹನ್ನೊಂದನೆಯ ಎಳೆ

ಬ್ಯಾಡಗಿ,
ಫೆಬ್ರುವರಿ ಮೂವತ್ತು, 2319

ಹಮಾಲಿ ಫಕೀರಪ್ಪನವರಿಗೆ,

ತಾರೀಖು ನೋಡಿ ನಗಬೇಡಿ; ನಾವು ಫೆಬ್ರುವರಿಗೆ ಮೂವತ್ತು ದಿನ ಕೊಟ್ಟು ನೂರು ವರ್ಷವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ಹಳೆಯ ಆಸ್ಪತ್ರೆ ಕಾಗದಗಳಿಂದ ಕಲಿತವಳು ನಾನು. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಎಳೆಮನೆಯಲ್ಲಿ ಕೆಲಸ ಮಾಡುತ್ತೇನೆ. ನೀವು ಕ್ರೋಮೋಸೋಮ್ ಎನ್ನುವುದನ್ನು ನಾವು ಎಳೆ ಎನ್ನುತ್ತೇವೆ. ಅದನ್ನು ಓದುವ ಜಾಗ ಎಳೆಮನೆ. ನಮ್ಮಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ವರ್ಷಕ್ಕೊಮ್ಮೆ ಬಂದು ಬಾಯಿ ತೆರೆಯುತ್ತಾರೆ. ಮೆತ್ತನೆಯ ಕುಂಚದಿಂದ ಕೆನ್ನೆಯ ಒಳಗನ್ನು ಸವರುತ್ತೇವೆ. ಅವರು ಅಲ್ಲೇ ಕುಳಿತು ಚಹಾ ಮುಗಿಸುವಷ್ಟರಲ್ಲಿ ಫಲಿತಾಂಶ ಹೇಳುತ್ತೇವೆ. ಕೆಲವರು ಹರಟೆಗೆಂದೇ ಬರುತ್ತಾರೆ. ಬಿಡುವಿನಲ್ಲಿ ನಾನು ನಿಮ್ಮ ಶತಮಾನದ ಆಸ್ಪತ್ರೆಗಳು ಮೇಣದಲ್ಲಿ ಇಟ್ಟುಹೋದ ಮಾಂಸದ ಚೂರುಗಳನ್ನು ಓದುತ್ತೇನೆ. ಹೋದ ವಾರ ನಿಮ್ಮ ಎಡಗೆನ್ನೆ ಸಿಕ್ಕಿತು.

ಅಯ್ಯೋ ಫಕೀರಪ್ಪನವರೇ, ಅದು ಕೆನ್ನೆಯಲ್ಲ, ಕಸಾಯಿಖಾನೆ! ಒಂಬತ್ತನೆಯ ಎಳೆಯಲ್ಲಿ ಜೀವಕೋಶಕ್ಕೆ ‘ಸಾಕು, ನಿಲ್ಲು’ ಎನ್ನುವ ತುಂಡೇ ಕಿತ್ತುಹೋಗಿದೆ. ಹನ್ನೊಂದನೆಯದರಲ್ಲಿ ‘ಒಡೆದು ಎರಡಾಗು’ ಎನ್ನುವ ತುಂಡಿದೆ. ಜೋಡಿ ಎಳೆಗಳಲ್ಲಿ ಎರಡೇ ಇರಬೇಕಾದ ಅದು ನಕಲಿನ ಮೇಲೆ ನಕಲಾಗಿ ಮೂವತ್ತೆಂಟಾಗಿದೆ. ಮೂವತ್ತೆಂಟು ಬಾಯಿ ಒಂದೇ ಸಮನೆ ಅರಚಿದರೆ ಪಾಪ, ಕೋಶ ಏನು ಮಾಡೀತು? ಒಡೆಯಿತು, ಒಡೆಯಿತು, ದವಡೆಯ ಮೂಳೆ ತಿಂದಿತು, ಕುತ್ತಿಗೆಗೆ ಇಳಿಯಿತು.

ಉಳಿದದ್ದು ನಿಮ್ಮ ಹೆಂಡತಿ ಗಂಗವ್ವ ಹೇಳಿದ್ದು. ತಾಯಿಯಿಂದ ಮಗಳಿಗೆ ಬಂದು ನಮ್ಮ ಮನೆಯಲ್ಲಿ ಇಂದಿಗೂ ಅವಳ ಮಾತಿನಲ್ಲೇ ಉಳಿದಿದೆ. ಮೆಣಸಿನಕಾಯಿ ಚೀಲ ಹೊರುವಾಗ ಘಾಟಿಗೆ ಕೆಮ್ಮು ಬಾರದಿರಲಿ ಎಂದು ನೀವು ಎಡಗೆನ್ನೆಯಲ್ಲಿ ತಂಬಾಕು-ಸುಣ್ಣ ಇಟ್ಟುಕೊಳ್ಳುತ್ತಿದ್ದಿರಿ. ಹುಣ್ಣಾಗಿ ಉರಿದಾಗ ಡಾಕ್ಟರಿಗೆ ತೋರಿಸಿ ಎಂದಳು. “ಏ ಹುಚ್ಚಿ, ಮೆಣಸಿನಕಾಯಿ ಖಾರ ಹತ್ತೇತಿ. ಜಡ್ಡಲ್ಲ ಏನಲ್ಲ, ನಾಕ್ ದಿನಕ್ಕ ಹೋಗ್ತೈತಿ,” ಎಂದು ನೀವು ತಂಬಾಕನ್ನು ಬಲಗೆನ್ನೆಗೆ ಬದಲಾಯಿಸಿದಿರಿ. ಮೆಣಸಿನಕಾಯಿ ಹೊರುವವನಲ್ಲದೆ ಬೇರೆ ಯಾರು ಕ್ಯಾನ್ಸರನ್ನು ಖಾರ ಎಂದುಕೊಂಡಾರು?

ಬರೀ ಒಂದೂವರೆ ವರ್ಷ. ಅರ್ಧ ದವಡೆಯನ್ನು ಗರಗಸದಿಂದ ಕೊಯ್ದರು. ಕೆನ್ನೆಗೆ ತೂತು ಬಿದ್ದು ಕುಡಿದ ಗಂಜಿ ಅಲ್ಲಿಂದ ಸುರಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಕುತ್ತಿಗೆಯ ದೊಡ್ಡ ರಕ್ತನಾಳ ಒಡೆಯಿತು. ರಕ್ತ ಗೋಡೆಗೆ ಚಿಮ್ಮಿತು. ಗಂಗವ್ವ ಸೆರಗು ಉಂಡೆ ಮಾಡಿ ಎರಡೂ ಕೈಯಿಂದ ಒತ್ತಿದಳು. “ಹಿಡದೇನ್ರೀ, ಬಿಡಂಗಿಲ್ಲ” ಎನ್ನುತ್ತಲೇ ಇದ್ದಳಂತೆ. ನೀವು ಅವಳ ಮಡಿಲಲ್ಲೇ ಮುಗಿದಿರಿ. ಅವಳಿಗಾಗ ಇಪ್ಪತ್ತಾರು ವರ್ಷ.

ಈ ಕಾಗದವನ್ನು ಕಾಲದಲ್ಲಿ ಹಿಂದಕ್ಕೆ, ನೀವಿನ್ನೂ ಬದುಕಿರುವ ದಿನಕ್ಕೆ ಕಳಿಸುತ್ತಿದ್ದೇನೆ; ತಲುಪುವಾಗ ಹುಣ್ಣಿಗೆ ಹನ್ನೆರಡು ದಿನವಾಗಿರುತ್ತದೆ. ಒಂಬತ್ತನೆಯ ಎಳೆ ಹರಿದಿರಬಹುದು, ಹನ್ನೊಂದನೆಯದು ಇನ್ನೂ ಅರಚಲು ಶುರು ಮಾಡಿರಲಾರದು. ಈಗಲೇ ಕೊಯ್ದು ತೆಗೆದರೆ ಬದುಕುತ್ತೀರಿ.

ಇನ್ನೊಂದು ವಿಷಯ ಮುಚ್ಚಿಡಲಾರೆ. ನೀವು ಹೋದ ನಾಲ್ಕು ವರ್ಷಕ್ಕೆ ಗಂಗವ್ವನಿಗೆ ಉಡಿಕೆಯಾಯಿತು, ಮರುಮದುವೆಯಾಗಿ ಇನ್ನೊಬ್ಬನ ಮನೆ ತುಂಬಿದಳು. ನಾನು ಆ ಮನೆಯ ಕುಡಿ. ನೀವು ಉಳಿದರೆ ಆ ಉಡಿಕೆ ಇಲ್ಲ, ನಾನೂ ಇಲ್ಲ. ನನಗೂ ಜೀವದ ಆಸೆಯಿದೆ, ಹೆದರಿಕೆಯೂ ಆಗುತ್ತಿದೆ. ಆದರೆ ಗಂಗವ್ವ ಸಾಯುವವರೆಗೂ ತುತ್ತು ಎತ್ತುವಾಗ ನಡುಗುತ್ತಿದ್ದಳಂತೆ. ಅಂಥ ಬೆಲೆ ತೆತ್ತು ನಾನು ಹುಟ್ಟಬೇಕಾಗಿಲ್ಲ.

ಬೆಳಿಗ್ಗೆ ಚೀಲಕ್ಕೆ ಬೆನ್ನು ಕೊಡುವ ಮೊದಲು ಹೋಗಿ ಡಾಕ್ಟರ ಮುಂದೆ ಬಾಯಿ ತೆರೆಯಿರಿ. ಗಂಗವ್ವನನ್ನೂ ಕರೆದುಕೊಂಡು ಹೋಗಿ.

ಇಂತಿ,
ಹುಟ್ಟದಿದ್ದರೂ ಸರಿ ಎನ್ನುವ
ನೀಲವ್ವ